ನೆರಳಲ್ಲಿ ಒಣಗಿದ ಮಣ್ಣು

ಮಣ್ಣಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ ಅಂತ ಡಿಎನ್‌ಎ ತೆಗೆದು ನೋಡುವುದು ನನ್ನ ಕೆಲಸ. ಅಗೆದ ಮಣ್ಣು ತಕ್ಷಣ ಐಸ್ ಪೆಟ್ಟಿಗೆಗೆ ಹೋಗಬೇಕು. ಒಣಗಿದರೆ, ಒಂದು ಗಿಡದ ಮಣ್ಣು ಇನ್ನೊಂದರದರ ಜೊತೆ ಬೆರೆತರೆ ಕತೆ ಮುಗಿಯಿತು. ಹರವೆ ಹತ್ತಿರ ಮಾದಪ್ಪ ಅನ್ನುವ ರೈತರ ಅರಿಸಿನದ ಹೊಲದಲ್ಲಿ ಬೆಳಗಿನಿಂದ ಕೂತು, ಗಿಡಕ್ಕೊಂದು ಸಲ ಗ್ಲೌಸ್ ಬದಲಿಸಿ, ಹನ್ನೆರಡು ಗಿಡಗಳ ಬೇರಿನ ಮಣ್ಣನ್ನು ಹನ್ನೆರಡು ಚೀಲಕ್ಕೆ ತುಂಬಿದೆ. ಸೊಂಟ ಬಿದ್ದುಹೋಯಿತು. ಐಸ್ ಕರಗುತ್ತಿತ್ತು ಅಂತ ಪೆಟ್ಟಿಗೆಯನ್ನು ಅವರ ಜಗಲಿ ಮೇಲಿಟ್ಟು, ಇನ್ನಷ್ಟು ತರಲು ಚಾಮರಾಜನಗರಕ್ಕೆ ಹೋದೆ.

ಬಂದು ನೋಡಿದರೆ ಪೆಟ್ಟಿಗೆ ಖಾಲಿ! ಹುಣಸೆಮರದ ನೆರಳಲ್ಲಿ ಗೋಣಿತಾಟು ಹಾಸಿ, ಹನ್ನೆರಡೂ ಚೀಲದ ಮಣ್ಣನ್ನು ಒಂದೇ ಗುಡ್ಡೆ ಮಾಡಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಆಚೆ ಎಸೆದು, ಉಳಿದದ್ದನ್ನು ಮಾದಪ್ಪ ತೆಳ್ಳಗೆ ಹರಡುತ್ತಿದ್ದರು.

"ಅಯ್ಯೋ, ಏನ್ ಮಾಡಿಬಿಟ್ರಿ ಮಾದಪ್ಪನೋರೇ!"

"ಒದ್ದೆ ಮಣ್ಣ ಅಂಗೇ ಕಟ್ಟಿಟ್ಬುಟ್ಟಿದ್ರಲ್ಲ ಸಾ, ಮುಗ್ಗೋಗದಾ? ಬಿಸ್ಲಿಗೆ ಆಕಿಲ್ಲ ಕಣಿ ಸಾ, ನೆಳ್ಳಲ್ಲೇ ಒಣಗಾಕಿವ್ನಿ."

"ಯಾರ್ರೀ ನಿಮಗೆ ಇದನ್ನೆಲ್ಲ ಹೇಳಿಕೊಟ್ಟಿದ್ದು?" ನನ್ನ ದನಿ ಏರಿತ್ತು.

ಅವರು ಪಿಳಿಪಿಳಿ ನನ್ನ ಮುಖ ನೋಡಿದರು. "ನೀವೇ ಅಲ್ವಾ ಸಾ? ಓದೊರ್ಸ ನಮ್ಮೂರಲ್ಲೇ, ಗೊಬ್ಬರ ಎಷ್ಟ್ ಆಕ್ಬೇಕು ಅಂತ ತಿಳ್ಕಳಕೆ ಮಣ್ ಪರೀಕ್ಸೆ ಮಾಡ್ಸದು ಎಂಗೆ ಅಂತ ಟ್ರೈನಿಂಗ್ ಕೊಟ್ರಲ್ಲ?"

ಕೊಟ್ಟಿದ್ದೆ. ಆ ಪರೀಕ್ಷೆಗೆ ಮಣ್ಣನ್ನು ಹೀಗೇ ಬೆರೆಸಿ, ಅರ್ಧ ಎಸೆದು, ನೆರಳಲ್ಲಿ ಒಣಗಿಸಬೇಕು. ಆವತ್ತು ಅರ್ಧ ಜನ ತೂಕಡಿಸುತ್ತಿದ್ದರು, ಇನ್ನರ್ಧ ಜನ ಊಟದ ಪಾತ್ರೆ ಕಡೆ ನೋಡುತ್ತಿದ್ದರು. ಒಬ್ಬರಾದರೂ ಕೇಳಿಸಿಕೊಂಡರೇ ಅಂತ ವಾಪಸು ದಾರಿಯುದ್ದಕ್ಕೂ ಗೊಣಗಿದ್ದೆ.

ಒಬ್ಬರು ಕೇಳಿಸಿಕೊಂಡಿದ್ದರು.