ರಾಶಿಯ ಮೇಲೆ ಬೂಟು

ಚಾಮುಂಡಮ್ಮನ ಒಂದು ಸುಗ್ಗಿಯ ರಾಗಿ ಇನ್ನೂ ಬಾಕಿ ಇದೆ. ಬೇಲಿ ನುಗ್ಗಿದವಳಿಗೆ ಎಂಥ ಬಾಕಿ ಅಂತ ಕೂಗಿ ಕೂಗಿ ಊರಿನ ಗಂಟಲು ಹರಿಯಿತು. ಆ ಕೂಗಿಗೆ ಮುತ್ತಯ್ಯ ಮಾತ್ರ ಒಂದು ದಿನವೂ ದನಿಗೂಡಿಸಲಿಲ್ಲ. ಆ ಸಾಲದಲ್ಲಿ ತನ್ನ ಪಾಲೆಷ್ಟು ಅಂತ ಅವನಿಗೆ ಗೊತ್ತಿತ್ತು.

ಚೀನಾ ಯುದ್ಧವಾದ ಮೇಲೆ, ಹನೂರು ದಾಟಿ ಬೆಟ್ಟದ ಕಡೆ ಹೋಗುವಾಗ ಸಿಗುವ ಬಯಲಿಗೆ ಮಿಲಿಟರಿಯವರು ತಂತಿಬೇಲಿ ಬಿಗಿದರು. ವಿಮಾನ ಇಳಿಯಲು ಉದ್ದಾನುದ್ದ ಸಿಮೆಂಟು ರಸ್ತೆ ಹಾಕಿದರು. ಆಪತ್ತಿಗೆ ಇರಲಿ ಅಂತ. ಒಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆ ಅಂತ ತೋರಿಸುವ ಬಟ್ಟೆಚೀಲ, ಕಾವಲಿಗೆ ಮುತ್ತಯ್ಯ. ಬೇಲಿಯೊಳಗೆ ಸೇರಿಹೋದದ್ದು ಊರವರೆಲ್ಲ ರಾಗಿ ಒಕ್ಕುತ್ತಿದ್ದ ಕಣ. ಮುತ್ತಯ್ಯನ ಅಪ್ಪ ಅಲ್ಲೇ ಎತ್ತು ಹೂಡಿ ರೋಣಗಲ್ಲು ಎಳೆಸಿದವನು. ಮಗನಿಗೆ ಖಾಕಿ ಅಂಗಿ, ಮೊಳೆ ಬಡಿದ ಬೂಟು ಸಿಕ್ಕವು. ದನ ಅಟ್ಟುವುದು, ಬಿರುಕಿನ ಗರಿಕೆ ಕೀಳುವುದು ಅವನ ಕೆಲಸ. ವರ್ಷಗಳು ಹೋದವು, ವಿಮಾನ ಬರಲಿಲ್ಲ.

ಎಪ್ಪತ್ತೊಂದರ ಸುಗ್ಗಿಯಲ್ಲಿ ಚಾಮುಂಡಮ್ಮ ಬಂದು ಬೇಲಿ ಹಿಡಿದು ನಿಂತಳು. ಗಂಡ ಸತ್ತವಳು. ಬೆಳೆಯಲ್ಲಿ ಪಾಲು ಕೊಡುವ ವಾರಕ್ಕೆ ಮಾಡಿದ ಹೊಲ, ಕಣಕ್ಕೆ ಅಂಗೈಯಗಲ ಜಾಗವಿಲ್ಲ.

"ಎಲ್ ಒಕ್ಲಿ ಮುತ್ತಯ್ಯ? ನಿನ್ ತಲೆ ಮ್ಯಾಲಾ?"

"ನನ್ ತಲೆ ಯಾಕಕ್ಕ, ಸಿಮಿಟು ರೋಡು ಬಿದ್ದದಲ್ಲ. ಬಾ ಒಳೀಕೆ."

"ಇಮಾನ ಬಂದ್ರೆ?"

"ಅದೂ ಒಂದ್ ಸುತ್ತು ತುಳ್ದು ಓಗ್ಲಿ ಬುಡು. ಎತ್ತಿಗೆ ಕೆಲ್ಸ ಕಮ್ಮಿ."

ಆ ಸೀಮೆಯಲ್ಲಿ ಕಣಕ್ಕೆ ಯಾರೂ ಕೆರ ಮೆಟ್ಟಿ ಹತ್ತುವುದಿಲ್ಲ. ಸಿಮೆಂಟಾದರೇನು, ರಾಶಿ ಬಿದ್ದ ಮೇಲೆ ಅದೂ ಕಣವೇ. ಚಾಮುಂಡಮ್ಮ ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕನನ್ನು ಕೂರಿಸಿ ಗರಿಕೆ ಸಿಕ್ಕಿಸಿದಳು. ಮುತ್ತಯ್ಯ ಬೂಟು ಬಿಚ್ಚಿ ಬೇಲಿಗೆ ನೇತುಹಾಕಿ, ಬರಿಗಾಲಲ್ಲಿ ನಿಂತು ರಾಗಿ ತೂರಿಕೊಟ್ಟ.

ರಾಶಿ ಚೀಲಕ್ಕೆ ತುಂಬುವ ಮೊದಲೇ ಪಾಕಿಸ್ತಾನದ ಜೊತೆ ಯುದ್ಧ ಹತ್ತಿಕೊಂಡಿತು. ರಸ್ತೆ ಸಿದ್ಧವಾಗಿದೆಯೇ ನೋಡಲು ಜೀಪು ಬಂತು. ಹಿಂದಿ ಆಡುವ ಒಬ್ಬ ಆಫೀಸರು, ಜೊತೆಗೆ ಕೊಳ್ಳೇಗಾಲದ ಸೂಪರ್‌ವೈಸರ್ ಗೋವಿಂದಯ್ಯ. ಮುತ್ತಯ್ಯ ಓಡಿಹೋಗಿ ಬೂಟು ಏರಿಸಿಕೊಂಡ.

"ಯಾರ್ಲಾ ಇವಳ್ನ ಒಳೀಕ್ ಬುಟ್ಟೋರು?" ಅಂದ ಗೋವಿಂದಯ್ಯ.

"ನಾ ಕಾಣೆ ಸಾ. ಉಣ್ಣಕ್ ಓಗಿದ್ದೆ. ಬೇಲಿ ನುಗ್ಗವ್ಳೆ."

ಚಾಮುಂಡಮ್ಮ ಅವನು ತೂರಿದ ಮೊರವನ್ನು ಎತ್ತಿ ಅವನ ಕಡೆಗೇ ಚಾಚಿದಳು. ಆಫೀಸರು ಏನೋ ಗದರಿದ.

"ನಿಂಗೂ ಇದ್ರಲ್ಲಿ ಪಾಲದಾ ಅಂತ ಕೇಳ್ತಾವ್ರೆ," ಅಂದ ಗೋವಿಂದಯ್ಯ.

ಮುತ್ತಯ್ಯ ಬೂಟುಗಾಲಲ್ಲೇ ರಾಶಿ ಹತ್ತಿದ. ಬೆನಕನನ್ನು ಒದ್ದ. ಮೊಣಕಾಲುದ್ದ ರಾಗಿಯಲ್ಲಿ ಹೂತು ನಿಂತು ಸೆಲ್ಯೂಟು ಹೊಡೆದ.

ಗೋವಿಂದಯ್ಯನೂ ರೈತನ ಮಗನೇ. ಪಾಲಿದ್ದವನು ಹಾಗೆ ತುಳಿಯಲಾರ ಅಂತ ನಂಬಿದ. ಮುತ್ತಯ್ಯನ ಕೆಲಸ ಉಳಿಯಿತು. ರಾಗಿಯನ್ನು ಸಲಿಕೆಯಲ್ಲಿ ಚರಂಡಿಗೆ ತಳ್ಳಿದರು. ಚಾಮುಂಡಮ್ಮನನ್ನು ಠಾಣೆಗೆ ಒಯ್ದರು.

ಯುದ್ಧ ಮುಗಿಯಿತು. ವಿಮಾನವಿರಲಿ, ಅದರ ನೆರಳೂ ಆ ಸಿಮೆಂಟಿನ ಮೇಲೆ ಬೀಳಲಿಲ್ಲ. ಚಾಮುಂಡಮ್ಮ 'ಬೇಲಿಕಳ್ಳಿ' ಅನ್ನುವ ಹೆಸರು ಹೊತ್ತು ಊರಿಗೆ ಬಂದಳು. ಹೊಲದೊಡೆಯ ಹೊಲ ಬಿಡಿಸಿಕೊಂಡ. ಕಳೆ ಕೀಳಲು ಕರೆದವರು ಸಂಜೆ ಮಡಿಲು ತಡಕಿ ಕಳಿಸಿದರು. ಮುತ್ತಯ್ಯ ಮುದ್ದೆ ಮುರಿಯುವಾಗಲೆಲ್ಲ ತನ್ನ ಕಾಲು ನೋಡಿಕೊಳ್ಳುತ್ತಿದ್ದ. ಹೆಂಡತಿ ಬೈದರೂ ಎರಡನೇ ಮುದ್ದೆ ಮುಟ್ಟುತ್ತಿರಲಿಲ್ಲ.

ಮೂರು ಸುಗ್ಗಿ ಕಳೆದ ಮೇಲೆ ಚಾಮುಂಡಮ್ಮನ ಗುಡಿಸಲ ಮುಂದೆ ಹೋಗಿ ನಿಂತ.

"ತಪ್ಪಾಯ್ತು ಚಾಮುಂಡಕ್ಕ."

ಅವಳು ಸೌದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಂಗ್ಯಾಕ್ಲಾ ಏಳ್ತೀಯೆ? ಕರ್ದೋನು ನೀನೇ ಅಂತ ನಂಗೊತ್ತು. ಗೊತ್ತಿಲ್ದೋರು ಸಂತೇಲವ್ರೆ. ಅಲ್ಲೋಗಿ ಏಳು, ಗಂಡ್ಸಾದ್ರೆ."

ಮುತ್ತಯ್ಯ ಸಂತೆಗೆ ಹೋದ. ಹುರಿಗಡಲೆ ಕೊಂಡ, ಬೀಡಿ ಕೊಂಡ, ತಿರುಗಿ ಬಂದ. ಮುಂದಿನ ವಾರವೂ ಅದೇ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಇವತ್ತಿಗೂ ಅವನು ಹೇಳಿಲ್ಲ.

ಈಗ ನಿಮಗೆ ಗೊತ್ತಾಯಿತಲ್ಲ. ಹನೂರು ಸಂತೆಯಲ್ಲಿ ಯಾರಾದರೂ ಚಾಮುಂಡಮ್ಮನನ್ನು ಬೇಲಿಕಳ್ಳಿ ಅಂದರೆ, ಕೇಳದವರ ಹಾಗೆ ಬದನೆಕಾಯಿ ಆರಿಸುತ್ತ ಕೂರಬೇಡಿ. ಕರೆದವನು ಮುತ್ತಯ್ಯ, ಆ ಜಾಗ ಊರಿನದು ಅಂತ ಎದ್ದು ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ.