ಕೋಚ್ ಇಳಿಯುವ ಬೇಲಿ

ಅಮೆರಿಕದ ಅಲಬಾಮದ ಟಲೋರಾ ಊರಿನಲ್ಲಿ, ಚೆಂಡನ್ನು ಕೈಯಲ್ಲಿ ಎಸೆದಾಡುವ ಅಮೆರಿಕನ್ ಫುಟ್ಬಾಲಿನ ಕಾಲೇಜು ತಂಡಕ್ಕೆ ಕೋಚ್ ಇಲ್ಲವೆಂದರೆ ಜನ ಮನೆಯಲ್ಲಿ ನಿಲ್ಲುವುದಿಲ್ಲ. ಪುಟ್ಟ ವಿಮಾನ ನಿಲ್ದಾಣದ ಬೇಲಿ ಹಿಡಿದು ಆಕಾಶ ನೋಡುತ್ತಾರೆ, ಹೊಸಬ ಇಳಿಯುವುದು ಅಲ್ಲೇ ತಾನೆ! ವರ್ಲೀನ್ ಅಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾಳೆ. ಅವಳು ಎತ್ತಿ ಆಡಿಸಿ ಬೆಳೆಸಿದ ತಮ್ಮ ಡೂಯಿ ತಂಡದ ಸಹಾಯಕ ಕೋಚ್. ಹೊರಗಿನವನು ಕೋಚ್ ಆಗಿ ಬಂದರೆ ಸಹಾಯಕರಾಗಿ ತನ್ನವರನ್ನೇ ಕರೆತರುತ್ತಾನೆ. ಡೂಯಿ ಊರು ಬಿಡಬೇಕು.

ಡಿಸೆಂಬರಿನ ಸಂಜೆ. ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು.

"ಟೆಕ್ಸಾಸಿನವನೇ ಬರ್ಬೇಕು ಕಣ್ರೋ, ಚೆಂಡು ಎಸೆಯೋದು ಕಲಿಸ್ತಾನೆ," ಎಂದ ಕ್ಷೌರದ ಹೋಯ್ಟ್.

"ಎಸೆದೆಸೆದೇ ಸೋತಿದ್ದು, ಮಾರಾಯ! ನಮ್ ಡೂಯಿಗೇನು ಧಾಡಿ?" ಎಂದಳು ಪಾದ್ರಿಯ ಹೆಂಡತಿ ಓಪಲ್.

"ಡೂಯಿನಾ? ಎದುರಾಳಿ ಬಿದ್ರೆ ಓಡ್ಹೋಗಿ ಎತ್ತೋನು! ಏನಕ್ಕಾ ವರ್ಲೀನ್, ನೀನೇ ಹೇಳು," ಎಂದ ಹೋಯ್ಟ್.

"ಬಿಸಿ ಇದೆ, ಬಾಯ್ಮುಚ್ಕೊಂಡು ತಿನ್ನಪ್ಪ," ಎಂದಳು ವರ್ಲೀನ್. ಕಣ್ಣು ಮಾತ್ರ ಆಕಾಶದಲ್ಲೇ ಇತ್ತು.

ಮೋಡದೊಳಗೆ ದೀಪವೊಂದು ಹೊತ್ತಿಕೊಂಡು, ಯಾರೋ ನಿದ್ದೆಯಲ್ಲಿ ಕೈಬಿಟ್ಟ ಗರಿಯಂತೆ ತೇಲುತ್ತ ಇಳಿಯಿತು. ದೇವರೇ, ಆ ವಿಮಾನ ಖಾಲಿ ಇರಲಿ ಎಂದು ಅವಳು ಬೇಡಿಕೊಂಡಳು. ಬಾಗಿಲು ತೆರೆಯಿತು. ತಂಡದ ಕಿತ್ತಳೆ ಟೋಪಿ ತೊಟ್ಟ ಅಪರಿಚಿತನೊಬ್ಬ ಮಂಜಿನೊಳಗೆ ಕಾಲಿಟ್ಟ. ಬೇಲಿಗೆ ಬೇಲಿಯೇ ಹೋ ಎಂದಿತು. ಆ ಕೂಗಿನಲ್ಲಿ ತನ್ನ ದನಿಯೂ ಇದ್ದುದು ವರ್ಲೀನಳಿಗೆ ಆಮೇಲೆ ಕೇಳಿಸಿತು.

"ಅಕ್ಕಾ, ನೀನೂ ಕೂಗ್ತಿದ್ದೀಯಲ್ಲೇ! ಡೂಯಿ ಹೋಗ್ತಾನಲ್ವಾ?" ಎಂದಳು ಓಪಲ್.

ವರ್ಲೀನ್ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. "ಹೋಗ್ತಾನೆ. ಆದ್ರೂ ಈ ತಂಡ ಸೋತ್ರೆ, ಎಲ್ಲಿದ್ರೂ ಅವನು ಅಳ್ತಾನೆ ಕಣೇ."