ಸೊನ್ನೆ ಎಂಬ ವಿಳಾಸ

ಇದನ್ನು ಬರೆಯಲು ಕುಳಿತು ಎಷ್ಟು ಸಲ ಎದ್ದುಹೋದೆನೋ ಲೆಕ್ಕವಿಲ್ಲ. ನಾಲ್ಕು ವರ್ಷದ ಹಿಂದೆ ನಾನು ಶಿಗ್ಗಾಂವಿಯ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಶೆಡ್ಡಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೆ. ಓದಿದ್ದು ಹೈಸ್ಕೂಲು, ರೇಡಿಯೊ ರಿಪೇರಿಯಿಂದ ಅಲ್ಲಿಯವರೆಗೆ ಬಂದವನು. ಬೆಸುಗೆ ಹಾಕಲು ಮೂವರು ಹೆಂಗಸರಿದ್ದರು. ಮೂವರನ್ನೂ ನಾವು ಕರೆಯುತ್ತಿದ್ದುದು 'ಅಕ್ಕಾರ' ಎಂದೇ. ಒಮ್ಮೆ ಕೂಗಿದರೆ ಮೂರೂ ತಲೆ ಮೇಲೇಳುತ್ತಿದ್ದವು.

ತಿಳವಳ್ಳಿಯ ಗೋವಿನಜೋಳದ ಗೋದಾಮಿಗೆ ಶಾಖ ಅಳೆಯುವ ಡಬ್ಬಿಗಳನ್ನು ಮಾಡುತ್ತಿದ್ದೆವು. ಒಂದರಿಂದ ಇನ್ನೊಂದಕ್ಕೆ ಕೇಬಲ್, ಸರಪಳಿಯ ಹಾಗೆ. ಪ್ರತಿ ಡಬ್ಬಿಯಲ್ಲಿ ಕೇಬಲ್ಲಿನ ಮೂಲಕ ಮಾಹಿತಿ ಕಳಿಸಿ ಪಡೆಯುವ ಎರಡು ಈಥರ್ನೆಟ್ ಟ್ರಾನ್ಸೀವರ್ ಚಿಪ್: ಒಳಬರುವ ಕೇಬಲ್ಲಿಗೊಂದು, ಹೊರಹೋಗುವುದಕ್ಕೊಂದು. ಪ್ರೊಸೆಸರ್ ಎರಡಕ್ಕೂ ಒಂದೇ ತಂತಿಯಲ್ಲಿ ಆಜ್ಞೆ ಕೊಡುವುದರಿಂದ ಪ್ರತಿಯೊಂದಕ್ಕೂ ಬೇರೆ ವಿಳಾಸ ಬೇಕು. ನಮ್ಮವು ಸೊನ್ನೆ ಮತ್ತು ಒಂದು. ಹಳೆಯ ಚಿಪ್ ಸಿಗದೆ ಹೋದಾಗ, ಲೋಹದ ಕಾಲುಗಳು ಬೋರ್ಡಿಗೆ ಹೊಂದುತ್ತವೆಂದು ಬೇರೆ ಚಿಪ್ ಆರಿಸಿದವನು ನಾನೇ. ಟೇಬಲ್ಲಿನ ಮೇಲೆ ಒಂದೇ ಡಬ್ಬಿ ಇಟ್ಟು ನೋಡಿ ಪಾಸ್ ಮಾಡಿದೆ.

ಗೋದಾಮಿನಲ್ಲಿ ಮೊದಲ ಕೇಬಲ್ ಕೊಂಚ ಅಲುಗಿದರೂ ಇಡೀ ಸಾಲು ಒಂದರ ಹಿಂದೊಂದು ಬಂದ್ ಆಗುತ್ತಿತ್ತು. ನಮ್ಮ ಶೆಡ್ಡಿನ ಮಾಲೀಕರು ಡಬ್ಬಿಗಳನ್ನು ವಾಪಸ್ ತಂದು ನನ್ನ ಮುಂದೆ ಸುರಿದರು.

"ಏನ್ರಿ ಮೇಸ್ತ್ರಿ, ಡಬ್ಬಿ ಮಾಡೀರೋ, ಗಣಪ್ಪಗ ಹಾಕೋ ಸೀರಿಯಲ್ ಸೆಟ್ ಮಾಡೀರೋ?"

"ಬೆಸಗಿ ಲೂಜ್ ಅದಾವ್ರಿ, ಸಾವ್ಕಾರ್ರ," ಎಂದೆ. ಚಿಪ್ ಬದಲಿಸಿದ್ದರ ಮಾತೆತ್ತಲಿಲ್ಲ.

"ಯಾರ ಬೆಸಗಿ?"

"ಅಕ್ಕಾರದು."

"ಯಾವ ಅಕ್ಕಾರು? ಮೂರ ಮಂದಿ ಅದಾರಲ್ಲ!"

ಮೂವರೂ ನನ್ನನ್ನೇ ನೋಡುತ್ತಿದ್ದರು. ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬರತ್ತ ಬೆರಳು ತೋರಿಸಿದೆ. ಅವರು ಆಗಷ್ಟೇ ಹೊಸದಾಗಿ ಕನ್ನಡಕ ಹಾಕಿಕೊಳ್ಳತೊಡಗಿದ್ದರು; ಮಾಲೀಕರಿಗೆ ನನ್ನ ಸುಳ್ಳನ್ನು ನಂಬಲು ಅಷ್ಟು ಸಾಕಾಯಿತು. ಮರುದಿನದಿಂದ ಅವರಿಗೆ ಕೆಲಸವಿರಲಿಲ್ಲ.

ಕೊಳ್ಳುವ ಮೊದಲೇ ಓದಬೇಕಿದ್ದ ಡೇಟಾಶೀಟನ್ನು, ಅಂದರೆ ಚಿಪ್ಪಿನ ವಿವರಪತ್ರವನ್ನು, ಆಮೇಲೆ ಓದಿದೆ. ಹೊಸ ಚಿಪ್ಪಿಗೆ ಸೊನ್ನೆ ಎಂದರೆ ಒಬ್ಬರ ವಿಳಾಸವಲ್ಲ, ಎಲ್ಲರಿಗೂ ಕೂಗು. ಒಳಬರುವ ಕೇಬಲ್ ಕಡಿದಾಗ ಪ್ರೊಸೆಸರ್ ಸೊನ್ನೆಗೆ 'ರೀಸೆಟ್ ಆಗು' ಎನ್ನುತ್ತಿತ್ತು. ಎರಡೂ ಚಿಪ್ ನಿಂತು ಮತ್ತೆ ಶುರುವಾಗುತ್ತಿದ್ದವು. ಹೊರಗಿನ ಸಂಪರ್ಕವೂ ಕಡಿದು, ಮುಂದಿನ ಡಬ್ಬಿಯೂ ಅದನ್ನೇ ಮಾಡುತ್ತಿತ್ತು. ರೆಸಿಸ್ಟರ್ ಬದಲಿಸಿ ವಿಳಾಸಗಳನ್ನು ಒಂದು ಮತ್ತು ಎರಡು ಮಾಡಿದೆ, ಪ್ರೋಗ್ರಾಮನ್ನೂ ತಿದ್ದಿಸಿದೆ. ಸಾಲು ಬಂದ್ ಆಗುವುದು ನಿಂತಿತು. ಬೆಸುಗೆ ಹೊಸದಾಗಿ ಹಾಕಿಸಿದೆ ಎಂದು ಮಾಲೀಕರಿಗೆ ಹೇಳಿದೆ. ಅವರು ಬೆನ್ನು ತಟ್ಟಿದರು.

ಕೆಲವು ತಿಂಗಳ ನಂತರ ಸವಣೂರು ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಕಳೆದುಕೊಂಡ ಆ ಅಕ್ಕಾರೇ ನನ್ನನ್ನು ಗುರುತಿಸಿ ಬಂದರು.

"ಡಬ್ಬಿ ದುರಸ್ತ ಆದ್ವೇನ್ರಿ, ಮೇಸ್ತ್ರಿ?"

"ಆದ್ವು, ಅಕ್ಕಾರ."

"ಛಲೋ ಆತ್ ಬಿಡ್ರಿ. ನನ್ನ ಕಣ್ಣಾಗ ಖರೇನ ದೋಷ ಬಂದಿತ್ತು ಅನಸ್ತೈತಿ. ಆಮ್ಯಾಲೆ ಬೆಸಗಿ ಮುಟ್ಟಾಕ ಧೈರ್ಯಾನ ಆಗ್ಲಿಲ್ರಿ."

ಹಾನಗಲ್ ಬಸ್ ಬಂತು. ಹತ್ತಿಬಿಟ್ಟೆ.

ಒಂದು ಡಬ್ಬಿಯನ್ನು ನೋಡಿ ಸರಪಳಿಯನ್ನು ಪಾಸ್ ಮಾಡಬಾರದೆಂದು ಕೆಲಸ ಕಲಿಸಿತು. ಕ್ಷಮೆ ಕೇಳುವುದಕ್ಕೂ ವಿಳಾಸ ಬೇಕೆಂಬುದನ್ನು ಕಲಿಯಲು ಇಷ್ಟು ವರ್ಷ ಹಿಡಿಯಿತು. 'ಅಕ್ಕಾರ' ಎಂದರೆ ಮೂವರು ತಿರುಗುತ್ತಾರೆ. ನಾನು ಬೆರಳು ತೋರಿಸಿದವರ ಹೆಸರು ಹುಸೇನಬಿ.